‘ಲೋಂಡಾ ಎಂಬ ಊರಿಲ್ಲ!’

ಉತ್ತರ ಹೇಳುವುದು ಒಂದು ವಿದ್ಯೆಯಾದರೆ, ಪ್ರಶ್ನೆ ಕೇಳುವುದು ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ವಿದ್ಯೆ. ತಾಲ್ಲೂಕು ಕಚೇರಿಯ ಮುಂದೆ ಮರದ ನೆರಳಿನಲ್ಲಿ ಕುಳಿತು ಊರವರ ಅರ್ಜಿಗಳನ್ನು ಬರೆದುಕೊಡುವವನಿಗೆ ಈ ಮರ್ಮ ಚೆನ್ನಾಗಿ ತಿಳಿದಿರುತ್ತದೆ. ಹೆಸರು ಇರಬೇಕಾದ ಕಡೆ ಹೆಸರು, ಸರ್ವೆ ನಂಬರು ಇರಬೇಕಾದ ಕಡೆ ಸರ್ವೆ ನಂಬರು ಬಿದ್ದರೆ ಅರ್ಜಿ ಮುಂದಿನ ಮೇಜಿಗೆ ಸಾಗೀತು. ಒಂದರ ಸ್ಥಾನದಲ್ಲಿ ಇನ್ನೊಂದು ಬಿದ್ದಿತೆಂದರೆ, ಬೇಡಿಕೆ ಎಷ್ಟೇ ನ್ಯಾಯವಾದುದಾಗಿರಲಿ, ಕಾಗದ ಮರಳಿ ಬಂದೀತು.

ಇಂದು ಆ ನೆರಳಿನ ಕೆಲಸದ ಬಹುಭಾಗವನ್ನು ಯಂತ್ರಗಳು ವಹಿಸಿಕೊಂಡಿವೆ. ಕೈಯಲ್ಲಿರುವ ಮೊಬೈಲು ನಾಳೆಯ ಮಳೆಯನ್ನು ತಿಳಿಸುವಾಗ, ಗಾಡಿ ಎಷ್ಟು ತಡವೆಂದು ಹೇಳುವಾಗ, ಅದರೊಳಗಿನ ಪ್ರೋಗ್ರಾಮು ದೂರದಲ್ಲಿರುವ ಸರ್ವರ್ ಎಂಬ ಇನ್ನೊಂದು ಯಂತ್ರಕ್ಕೆ ಚಿಕ್ಕ ಅರ್ಜಿಯೊಂದನ್ನು ಬರೆದು ಕಳುಹಿಸಿರುತ್ತದೆ. ಅರ್ಜಿಗಳನ್ನು ಸ್ವೀಕರಿಸುವ ಕಿಟಕಿಗೆ ಎಪಿಐ ಎಂದು ಹೆಸರು. ವಿಳಾಸದ ಬಾಲಕ್ಕೆ ಅಂಟಿಕೊಂಡು ಹೋಗುವ ಅರ್ಜಿಯ ಒಕ್ಕಣೆಗೆ ಕ್ವೆರಿ ಸ್ಟ್ರಿಂಗ್ ಎಂದು ಹೆಸರು. ಈ ಒಕ್ಕಣೆಯಲ್ಲಿ ಒಂದು ಚಿಹ್ನೆ ಎಡವಿದರೆ ಏನಾಗುತ್ತದೆ, ಅದರಲ್ಲೂ ಕನ್ನಡದಲ್ಲಿ ಕೇಳಿದವರಿಗೆ ಏನಾಗುತ್ತದೆ ಎಂಬುದೇ ಈ ವಾರದ ವಿಚಾರ.

ಮೂರು ಲಿಪಿಯ ಹಲಗೆ

ಖಾನಾಪುರ ತಾಲ್ಲೂಕಿನ ಲೋಂಡಾ, ಸಹ್ಯಾದ್ರಿಯ ಕಾಡಿನ ಮಗ್ಗುಲಲ್ಲಿರುವ ಚಿಕ್ಕ ಊರು. ಆದರೆ ರೈಲ್ವೆಯ ನಕ್ಷೆಯಲ್ಲಿ ಅದು ದೊಡ್ಡ ಹೆಸರು. ಹುಬ್ಬಳ್ಳಿ, ಧಾರವಾಡ, ಅಳ್ನಾವರಗಳ ಕಡೆಯಿಂದ ಬರುವ ಹಳಿ ಇಲ್ಲಿ ಕವಲೊಡೆಯುತ್ತದೆ. ಒಂದು ಕವಲು ಖಾನಾಪುರ, ಬೆಳಗಾವಿಗಳನ್ನು ಹಾಯ್ದು ಮೀರಜಿಗೆ ಹೋಗುತ್ತದೆ. ಇನ್ನೊಂದು ತಿನೈಘಾಟ, ಕ್ಯಾಸಲ್ ರಾಕ್‌ಗಳನ್ನು ದಾಟಿ, 37 ಅಡಿಗೆ ಒಂದಡಿಯಂತೆ ಇಳಿಯುವ ಘಟ್ಟದಲ್ಲಿ ದೂಧಸಾಗರದ ಜಲಪಾತವನ್ನು ಸವರಿಕೊಂಡು ಗೋವೆಗಿಳಿಯುತ್ತದೆ. ಊರಿನ ಮಾತಿನಲ್ಲಿ ಕನ್ನಡವೂ ಉಂಟು, ಮರಾಠಿಯೂ ಉಂಟು. ಸ್ಟೇಷನ್ನಿನ ಹಳದಿ ಹಲಗೆಯ ಮೇಲೆ ಊರಿನ ಹೆಸರು ಮೂರು ಲಿಪಿಗಳಲ್ಲಿದೆ: ಕನ್ನಡ, ದೇವನಾಗರಿ, ರೋಮನ್. ಗಾಡಿಯಿಂದ ಇಣುಕಿದವನು ತನಗೆ ಬರುವ ಲಿಪಿಯಲ್ಲಿ ಓದಿಕೊಂಡು ‘ಲೋಂಡಾ ಬಂತು’ ಎನ್ನುತ್ತಾನೆ. ಮೂರೂ ಒಂದೇ ಊರೆಂದು ಯಾರೂ ಅವನಿಗೆ ವಿವರಿಸಬೇಕಾಗಿಲ್ಲ.

ಯಂತ್ರಕ್ಕಾದರೋ ವಿವರಿಸಬೇಕಾಗುತ್ತದೆ. ಆ ಊರಿನ ತರುಣನೊಬ್ಬನು, ಊರಿನ ಹೆಸರು ಹೇಳಿದರೆ ಆ ವಾರದ ಮಳೆಯನ್ನು ತಿಳಿಸುವ ಪ್ರೋಗ್ರಾಮೊಂದನ್ನು ಬರೆದನೆಂದು ಊಹಿಸಿಕೊಳ್ಳಬಹುದು. ಅದು ಮೊದಲು ಸ್ಥಳನಾಮಗಳ ಸರ್ವರೊಂದನ್ನು ಕೇಳಿ ಊರಿನ ಅಕ್ಷಾಂಶ ರೇಖಾಂಶಗಳನ್ನು ಪಡೆಯಬೇಕು. ಬಳಿಕ ಅವುಗಳನ್ನು ಹವಾಮಾನದ ಸರ್ವರಿಗೆ ಕೊಟ್ಟು ಮಳೆಯನ್ನು ಕೇಳಬೇಕು. ತರುಣನು ತಾನೇ ರೋಮನ್ ಅಕ್ಷರಗಳಲ್ಲಿ ಊರಿನ ಹೆಸರನ್ನು ಒತ್ತಿ ಪರೀಕ್ಷಿಸಿದನು. ಉತ್ತರ ಸರಿಯಾಗಿ ಬಂದಿತು. ಸಂಜೆ ಮನೆಯ ಅಜ್ಜಿ ಮೊಬೈಲನ್ನು ಕೈಗೆತ್ತಿಕೊಂಡು, ಬಾಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆದುಕೊಳ್ಳುವ ಗುಂಡಿಯನ್ನೊತ್ತಿ, ಊರಿನ ಹೆಸರನ್ನು ಉಚ್ಚರಿಸಿದಳು. ಪರದೆಯ ಮೇಲೆ ‘ಲೋಂಡಾ’ ಎಂದು ಸ್ಪಷ್ಟವಾಗಿ ಮೂಡಿತು. ಕೆಳಗೆ ಉತ್ತರ: ‘ಇಂಥ ಊರು ದೊರೆಯಲಿಲ್ಲ.’

“ಹುಟ್ಟಿದ್ದು ಇಲ್ಲೇ, ಬೆಳೆದದ್ದು ಇಲ್ಲೇ. ಊರೇ ಇಲ್ಲ ಅಂತದಲ್ಲೋ ಇದು!” ಎಂದು ಅಜ್ಜಿ ನಕ್ಕಿರಬಹುದು. ತರುಣನು “ಇದಕ್ಕೆ ಕನ್ನಡ ನಡೆಯೂದಿಲ್ಲ ಅಜ್ಜೀ, ಇಂಗ್ಲಿಷಿನಾಗ ಒತ್ತಬೇಕು” ಎಂದಿರಬಹುದು. ಅಜ್ಜಿಗೆ ಇಂಗ್ಲಿಷು ಬಾರದು. ಮಾತು ಅಲ್ಲಿಗೇ ಮುಗಿಯಿತು.

ಈ ಬಗೆಯ ಸಂಭಾಷಣೆ ಎಷ್ಟೋ ಮನೆಗಳಲ್ಲಿ, ಎಷ್ಟೋ ಕಚೇರಿಗಳಲ್ಲಿ ನಡೆಯುತ್ತದೆ. ‘ಕನ್ನಡ ನಡೆಯುವುದಿಲ್ಲ’ ಎಂಬ ತೀರ್ಪು ಯಂತ್ರದ ತೀರ್ಪೆಂದೇ ಜನ ನಂಬುತ್ತಾರೆ. ಆದರೆ ಬಹುಮಟ್ಟಿಗೆ ಅದು ಯಂತ್ರದ ತೀರ್ಪಲ್ಲ; ಅರ್ಜಿ ಬರೆದ ಕೈಯ ಅಜಾಗರೂಕತೆ.

ಡಬ್ಬಿಗಳು ಮತ್ತು ಕೊಂಡಿಗಳು

ಒಕ್ಕಣೆಯ ರಚನೆಯನ್ನು ತಿಳಿಯಲು ಜಂಕ್ಷನ್ನಿನ ಗೂಡ್ಸ್ ಗಾಡಿಯನ್ನು ನೆನೆದರೆ ಸಾಕು. ಮುಂದೆ ಎಂಜಿನ್ನು, ಅದು ಸರ್ವರಿನ ವಿಳಾಸ. ಅದರ ಹಿಂದೆ ಒಂದು ಪ್ರಶ್ನಾರ್ಥಕ ಚಿಹ್ನೆ. ಇಲ್ಲಿಂದ ಮುಂದಕ್ಕೆ ಪ್ರಶ್ನೆಯ ಒಕ್ಕಣೆಯೆಂಬುದಕ್ಕೆ ಅದು ಗುರುತು. ಬಳಿಕ ಒಂದೊಂದಾಗಿ ಡಬ್ಬಿಗಳು. ಪ್ರತಿಯೊಂದು ಡಬ್ಬಿಗೂ ಹೊರಗೆ ಒಂದು ಚೀಟಿ, ಒಳಗೆ ಒಂದು ಸರಕು. ಚೀಟಿಗೂ ಸರಕಿಗೂ ನಡುವೆ ಸಮ ಚಿಹ್ನೆ. ಡಬ್ಬಿಗೂ ಡಬ್ಬಿಗೂ ನಡುವಿನ ಕೊಂಡಿಯೇ ‘&’ ಎಂಬ ಚಿಹ್ನೆ. ಕನ್ನಡದಲ್ಲಿಯೇ ಬರೆದು ತೋರಿಸುವುದಾದರೆ ಹೀಗೆ:

ವಿಳಾಸ?ಹೆಸರು=ಲೋಂಡಾ&ಜಿಲ್ಲೆ=ಬೆಳಗಾವಿ&ದಿನ=7

ಸರ್ವರು ಇದನ್ನು ಕೈಗೆತ್ತಿಕೊಂಡು ಮೊದಲು ಕೊಂಡಿಗಳಲ್ಲಿ ಬಿಡಿಸುತ್ತದೆ, ಆಮೇಲೆ ಸಮ ಚಿಹ್ನೆಯಲ್ಲಿ ಸೀಳುತ್ತದೆ, ಕೊನೆಗೆ ಸರಕನ್ನು ಬಿಚ್ಚಿ ನೋಡುತ್ತದೆ. ವ್ಯವಸ್ಥೆ ಎಷ್ಟು ಸರಳವೆಂದರೆ, ಹೊಸದಾಗಿ ಪ್ರೋಗ್ರಾಮು ಬರೆಯುವವನು ಇದಕ್ಕೊಂದು ಸಾಧನ ಬೇಕೆಂದೇ ಭಾವಿಸುವುದಿಲ್ಲ. ತುಂಡುಗಳನ್ನು ಒಂದರ ಪಕ್ಕದಲ್ಲೊಂದು ಅಂಟಿಸಿಬಿಡುತ್ತಾನೆ.

ತೊಂದರೆ ಹುಟ್ಟುವುದು ಸರಕಿನೊಳಗೇ ಒಂದು ಕೊಂಡಿ ಇದ್ದಾಗ. ‘& ಸನ್ಸ್’, ‘& ಕಂಪನಿ’ ಎಂದು ಮುಗಿಯುವ ಅಂಗಡಿಗಳ ಹೆಸರುಗಳು ಪ್ರತಿಯೊಂದು ಪೇಟೆಯಲ್ಲಿಯೂ ಇವೆ. ಸರ್ಕಾರಿ ಪಟ್ಟಿಗಳಲ್ಲಿಯೂ ‘ಜಮ್ಮು & ಕಾಶ್ಮೀರ’ ಎಂಬ ಬರಹ ಕಾಣುವುದುಂಟು. ಅಂಥ ಹೆಸರನ್ನು ಇದ್ದಂತೆಯೇ ಅಂಟಿಸಿದರೆ ಸರ್ವರು ಅದನ್ನು ನಡುವೆ ಕತ್ತರಿಸುತ್ತದೆ. ‘ಜಮ್ಮು’ ಎಂಬುದು ಒಂದು ಡಬ್ಬಿಯಾಗುತ್ತದೆ. ‘ಕಾಶ್ಮೀರ’ವು ಸರಕಿಲ್ಲದ ಬರಿ ಚೀಟಿಯಾಗಿ ಹಳಿಯ ಮೇಲೆ ಉಳಿಯುತ್ತದೆ.

ನಮ್ಮ ನಾಡಿನವರು ವಿಳಾಸ ಬರೆಯುವ ರೀತಿಯಲ್ಲಿಯೇ ಇನ್ನೊಂದು ಬಲೆಯಿದೆ. ಮನೆಯ ನಂಬರಿನ ಮುಂದೆ ‘#’ ಹಾಕುವುದು ಬೆಂಗಳೂರಿನಿಂದ ಬೆಳಗಾವಿಯವರೆಗೆ ರೂಢಿ. ಆದರೆ ಯುಆರ್‌ಎಲ್ಲಿನ ವ್ಯಾಕರಣದಲ್ಲಿ ಈ ಚಿಹ್ನೆಯ ಅರ್ಥವೇ ಬೇರೆ. ಅದರ ನಂತರ ಬರುವುದೆಲ್ಲ ಓದುಗನ ಬ್ರೌಸರಿಗೆ ಸೇರಿದ ಮಾತು, ಸರ್ವರಿಗೆ ಕಳುಹಿಸತಕ್ಕದ್ದಲ್ಲ. ಆದುದರಿಂದ ‘# 45, 2ನೇ ಕ್ರಾಸ್’ ಎಂದು ಬರೆದ ವಿಳಾಸ ಬ್ರೌಸರನ್ನು ಬಿಟ್ಟು ಹೊರಡುವುದೇ ಇಲ್ಲ. ಅದರ ಹಿಂದಿನ ಡಬ್ಬಿಗಳೂ ಅದರೊಡನೆಯೇ ಉಳಿದುಬಿಡುತ್ತವೆ.

ಭಾರತದ ಗಡಿಯಾರವೂ ಈ ತೊಡಕಿಗೆ ಸಿಕ್ಕಿಕೊಂಡಿದೆ. ಯಂತ್ರಗಳ ಲೋಕದಲ್ಲಿ ಭಾರತೀಯ ಕಾಲಮಾನವನ್ನು ‘+05:30’ ಎಂದು ಬರೆಯುತ್ತಾರೆ. ಆದರೆ ಕ್ವೆರಿ ಸ್ಟ್ರಿಂಗಿನಲ್ಲಿ, ಹಳೆಯ ಫಾರಂ ಪದ್ಧತಿಯ ಪ್ರಕಾರ, ಕೂಡುವ ಚಿಹ್ನೆಗೆ ‘ಖಾಲಿ ಜಾಗ’ ಎಂದು ಅರ್ಥ. ಇದ್ದಂತೆ ಕಳುಹಿಸಿದ ಕಾಲಮಾನದಲ್ಲಿ ಕೂಡುವ ಚಿಹ್ನೆ ಮಾಯವಾಗಿ ತೆರಪೊಂದು ಉಳಿಯುತ್ತದೆ. ಕಟ್ಟುನಿಟ್ಟಾದ ಸರ್ವರು ಅದನ್ನು ತಿರಸ್ಕರಿಸೀತು, ಅದು ಒಳ್ಳೆಯದೇ. ಉದಾರಿಯಾದ ಸರ್ವರು ಕಾಲಮಾನದ ಭಾಗವನ್ನು ಕೈಬಿಟ್ಟು, ಹೇಳಿದ ಹೊತ್ತನ್ನು ಗ್ರೀನಿಚ್ಚಿನ ಹೊತ್ತೆಂದು ತಿಳಿದೀತು; ಆಗ ಲೆಕ್ಕದಲ್ಲಿ ಐದೂವರೆ ಗಂಟೆಯ ವ್ಯತ್ಯಾಸ. ಲೋಂಡಾದಲ್ಲಿ ಆಷಾಢದ ರಾತ್ರಿ ಸುರಿದ ಮಳೆ ಇನ್ನೊಂದು ದಿನದ ಖಾತೆಗೆ ಜಮೆಯಾದೀತು.

ಇವೆಲ್ಲ ಆಕಸ್ಮಿಕಗಳಾದವು. ಬೇಕೆಂದೇ ಕೊಂಡಿಯನ್ನು ಸರಕಿನೊಳಗೆ ಅಡಗಿಸಿಡುವವರೂ ಇರುತ್ತಾರೆ. ಹೆಸರು ಬರೆಯುವ ಜಾಗದಲ್ಲಿ ಹೆಸರಿನ ಬೆನ್ನಿಗೆ ‘&ಮೊತ್ತ=1’ ಎಂದು ಸೇರಿಸಿದರೆ, ಅಂಟಿಸಿ ಕಟ್ಟಿದ ಒಕ್ಕಣೆಯಲ್ಲಿ ಅದು ಸ್ವತಂತ್ರವಾದ ಹೊಸ ಡಬ್ಬಿಯಾಗಿಬಿಡುತ್ತದೆ. ಒಂದೇ ಚೀಟಿಯ ಎರಡು ಡಬ್ಬಿಗಳು ಬಂದಾಗ ಕೆಲವು ಸರ್ವರುಗಳು ಮೊದಲಿನದನ್ನು ಹಿಡಿಯುತ್ತವೆ, ಕೆಲವು ಕೊನೆಯದನ್ನು ಹಿಡಿಯುತ್ತವೆ. ಮೋಸಗಾರನಿಗೆ ಬೇಕಾದುದು ಅಷ್ಟೇ.

ಶೇಕಡಾ ಚಿಹ್ನೆಯ ಮುದ್ರೆ

ಇದಕ್ಕೆ ಪರಿಹಾರವನ್ನು ಜಾಲದ ನಿರ್ಮಾಪಕರು ಮೊದಲಿನಿಂದಲೂ ಒದಗಿಸಿದ್ದಾರೆ. ವರ್ಲ್ಡ್ ವೈಡ್ ವೆಬ್ಬಿನ ಜನಕ ಟಿಮ್ ಬರ್ನರ್ಸ್-ಲೀ ಮತ್ತು ಸಂಗಡಿಗರು 1994ರ ಡಿಸೆಂಬರಿನಲ್ಲಿ ಯುಆರ್‌ಎಲ್ಲಿನ ನಿಯಮಗಳನ್ನು ಪ್ರಕಟಿಸಿದರು. 2005ರ ಜನವರಿಯಲ್ಲಿ ಅವು ಪರಿಷ್ಕೃತವಾದವು. ಪರಿಷ್ಕೃತ ನಿಯಮದ ಪ್ರಕಾರ ಯಾವ ರಕ್ಷಣೆಯೂ ಇಲ್ಲದೆ ನಿಶ್ಚಿಂತೆಯಾಗಿ ಪ್ರಯಾಣ ಮಾಡಬಲ್ಲ ಚಿಹ್ನೆಗಳು 66 ಮಾತ್ರ: ಇಂಗ್ಲಿಷಿನ ದೊಡ್ಡಕ್ಷರ 26, ಚಿಕ್ಕಕ್ಷರ 26, ಅಂಕೆ 10, ಇವುಗಳ ಜೊತೆಗೆ ಅಡ್ಡಗೆರೆ, ಚುಕ್ಕೆ, ಅಡಿಗೆರೆ, ಅಲೆಗೆರೆ ಎಂಬ ನಾಲ್ಕು. ಇನ್ನು 18 ಚಿಹ್ನೆಗಳು ಕಾಯ್ದಿರಿಸಿದವು. ಅವುಗಳಿಗೆ ಕೊಂಡಿಯ ಕೆಲಸ, ಗಡಿಗಲ್ಲಿನ ಕೆಲಸ ಇರುವುದುಂಟು. ಅವುಗಳನ್ನು ಸರಕಾಗಿ ಸಾಗಿಸಬೇಕಾದಾಗ ಮೊಹರು ಮಾಡಿ ಸಾಗಿಸಬೇಕು. ಶೇಕಡಾ ಚಿಹ್ನೆಯೊಂದನ್ನು ಬರೆದು, ಅದರ ಮುಂದೆ ಆ ಅಕ್ಷರದ ಸಂಕೇತಸಂಖ್ಯೆಯನ್ನು ಹದಿನಾರರ ಎಣಿಕೆಯಲ್ಲಿ ಎರಡು ಸ್ಥಾನಗಳಲ್ಲಿ ಬರೆಯುವುದೇ ಮೊಹರು. ‘&’ ಎಂಬುದು ‘%26’ ಆಗುತ್ತದೆ, ‘#’ ಎಂಬುದು ‘%23’, ಖಾಲಿ ಜಾಗ ‘%20’. ಶೇಕಡಾ ಚಿಹ್ನೆಯೇ ಸರಕಾದರೆ ಅದಕ್ಕೂ ಮೊಹರುಂಟು: ‘%25’. ಮೊಹರಾದ ಚಿಹ್ನೆಯನ್ನು ಸರ್ವರು ಕೊಂಡಿಯೆಂದು ತಿಳಿಯುವುದಿಲ್ಲ. ಡಬ್ಬಿಗಳನ್ನು ಬಿಡಿಸಿಯಾದ ಮೇಲೆಯೇ ಮೊಹರನ್ನು ಒಡೆಯುತ್ತದೆ.

ಆ 66ರ ಪಟ್ಟಿಯಲ್ಲಿ ಕನ್ನಡದ ಒಂದು ಅಕ್ಷರವೂ ಇಲ್ಲ. ದೇವನಾಗರಿಯೂ ಇಲ್ಲ, ತಮಿಳೂ ಇಲ್ಲ, ಅರಬ್ಬಿಯೂ ಇಲ್ಲ. ಇದನ್ನು ಕಂಡು ಕನ್ನಡಕ್ಕೆ ಪ್ರವೇಶವಿಲ್ಲವೆಂದು ತಿಳಿಯಬೇಕಾಗಿಲ್ಲ. ಕನ್ನಡವು ಮೊಹರಾಗಿ ಹೋಗಬೇಕು, ಅಷ್ಟೆ. ಮೊಹರಾಗಿ ಹೋದರೆ ಅದನ್ನು ತಡೆಯುವವರಿಲ್ಲ.

ಎರಡು ಅಕ್ಷರ, 45 ಚಿಹ್ನೆ

ಕನ್ನಡದ ಅಕ್ಷರಗಳಿಗೆ ಯುನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ಒಂದೊಂದು ಸಂಖ್ಯೆಯಿದೆ. ಆ ಸಂಖ್ಯೆಗಳನ್ನು ತಂತಿಯ ಮೇಲೆ ಸಾಗಿಸುವ ಯುಟಿಎಫ್-8 ಎಂಬ ವಿಧಾನವನ್ನು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರ ಸೆಪ್ಟೆಂಬರಿನ ಒಂದು ರಾತ್ರಿ, ಅಮೆರಿಕದ ನ್ಯೂಜೆರ್ಸಿಯ ಊಟದ ಹೋಟೆಲೊಂದರಲ್ಲಿ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಗೀಚಿ ರೂಪಿಸಿದರೆಂಬುದು ಪ್ರಸಿದ್ಧವಾದ ವೃತ್ತಾಂತ. ಈ ವಿಧಾನದಲ್ಲಿ ಕನ್ನಡದ ಒಂದೊಂದು ಘಟಕವೂ ಮೂರು ಬೈಟುಗಳಾಗುತ್ತದೆ. ಒಂದೊಂದು ಬೈಟೂ ಮೊಹರಾದಾಗ ಮೂರು ಚಿಹ್ನೆಗಳಾಗುತ್ತದೆ.

‘ಲೋಂಡಾ’ ಎಂಬ ಹೆಸರನ್ನೇ ಬಿಡಿಸಿ ನೋಡಬಹುದು. ಕಣ್ಣಿಗೆ ಅದು ಎರಡೇ ಅಕ್ಷರ: ‘ಲೋಂ’ ಮತ್ತು ‘ಡಾ’. ಯುನಿಕೋಡಿನ ಲೆಕ್ಕದಲ್ಲಿ ಐದು ಘಟಕ: ಲ, ಓಕಾರದ ಚಿಹ್ನೆ, ಅನುಸ್ವಾರ, ಡ, ದೀರ್ಘದ ಚಿಹ್ನೆ. ಬೈಟಿನ ಲೆಕ್ಕದಲ್ಲಿ 15. ಮೊಹರಾದ ಮೇಲೆ 45 ಚಿಹ್ನೆ. ಕನ್ನಡ ವಿಕಿಪೀಡಿಯದ ಪುಟವೊಂದರ ಕೊಂಡಿಯನ್ನು ವಾಟ್ಸಾಪಿನಲ್ಲಿ ಗೆಳೆಯರಿಗೆ ಕಳುಹಿಸಿದವರು ಇದನ್ನು ಕಣ್ಣಾರೆ ಕಂಡಿರುತ್ತಾರೆ. ಪುಟದ ಹೆಸರು ಮೋಟಾಗಿದ್ದರೂ ಶೇಕಡಾ ಚಿಹ್ನೆಗಳ ಸಾಲೊಂದು ಇರುವೆಯ ಸಾಲಿನಂತೆ ಹರಿದಿರುತ್ತದೆ. ಅದು ಕೆಟ್ಟುಹೋದ ಕನ್ನಡವಲ್ಲ, ಮೊಹರಾದ ಕನ್ನಡ.

ಇನ್ನು ಹಲಗೆಯ ಮೇಲಿನ ಎರಡನೆಯ ಲಿಪಿ. ಕನ್ನಡದ ಐದು ಘಟಕಗಳ ಬೈಟುಗಳನ್ನು ಸಾಮಾನ್ಯ ಎಣಿಕೆಯಲ್ಲಿ ಬರೆದರೆ ಹೀಗಾಗುತ್ತದೆ:

224-178-178, 224-179-139, 224-178-130, 224-178-161, 224-178-190.

ಅದೇ ಹೆಸರನ್ನು ದೇವನಾಗರಿಯಲ್ಲಿ ಬರೆದರೆ:

224-164-178, 224-165-139, 224-164-130, 224-164-161, 224-164-190.

ಎರಡನ್ನೂ ಮೇಲೆ ಕೆಳಗೆ ಇಟ್ಟು ನೋಡಿದವರಿಗೆ ಸೋಜಿಗವಾಗದೆ ಇರದು. ಪ್ರತಿಯೊಂದು ಗುಂಪಿನ ಮೊದಲನೆಯ ಸಂಖ್ಯೆ ಒಂದೇ, ಕೊನೆಯ ಸಂಖ್ಯೆಯೂ ಒಂದೇ. ನಡುವಿನ ಸಂಖ್ಯೆಯಲ್ಲಿ ಮಾತ್ರ ಸರಿಯಾಗಿ 14ರ ಅಂತರ. ಇದು ಕಾಕತಾಳೀಯವಲ್ಲ. ಭಾರತದ ಬಹುತೇಕ ಲಿಪಿಗಳು ಒಂದೇ ವರ್ಣಮಾಲೆಯ ಕ್ರಮವನ್ನು ಅನುಸರಿಸುತ್ತವೆ ಎಂಬುದನ್ನು ಆಧರಿಸಿ ಭಾರತದಲ್ಲಿ ಇಸ್ಕೀ ಎಂಬ ಸಂಕೇತಪಟ್ಟಿ ರಚಿತವಾಗಿತ್ತು. ಯುನಿಕೋಡು ಭಾರತೀಯ ಲಿಪಿಗಳಿಗೆ ಸ್ಥಾನ ಕೊಡುವಾಗ ಅದರ 1988ರ ರೂಪವನ್ನೇ ಮಾದರಿಯಾಗಿ ಇಟ್ಟುಕೊಂಡಿತು. ಆದುದರಿಂದ ‘ಕ’ದಿಂದ ‘ಹ’ದವರೆಗೆ ಎರಡು ಲಿಪಿಗಳೂ ಸಮಾನಾಂತರ ಹಳಿಗಳಂತೆ ಸಾಗುತ್ತವೆ. ಗಡಿಭಾಗದಲ್ಲಿ ಯಾವ ಹಲಗೆ ಯಾವ ಲಿಪಿಯಲ್ಲಿರಬೇಕೆಂಬ ಜಗಳಗಳು ಎಷ್ಟೋ ನಡೆದಿವೆ. ಯಂತ್ರದ ಹೊಟ್ಟೆಯಲ್ಲಿ ಆ ಎರಡು ಹಲಗೆಗಳ ನಡುವಿನ ದೂರ ಹದಿನಾಲ್ಕು.

ಆದರೆ ಹದಿನಾಲ್ಕೆಂಬುದು ಯಂತ್ರಕ್ಕೆ ಅಲ್ಪ ದೂರವಲ್ಲ. ಒಂದು ಬೈಟು ಬೇರೆಯಾದರೂ ಅದಕ್ಕೆ ಊರೇ ಬೇರೆ. ಮೂರು ಲಿಪಿಗಳ ಹೆಸರುಗಳನ್ನೂ ಒಂದೇ ಊರಿನ ಹೆಸರುಗಳೆಂದು ಸರ್ವರಿನ ಪಟ್ಟಿಯಲ್ಲಿ ಯಾರಾದರೂ ದಾಖಲಿಸಿದ್ದರೆ ಮಾತ್ರ ಮೂರು ಪ್ರಶ್ನೆಗಳಿಗೂ ಒಂದೇ ಉತ್ತರ ಬರುತ್ತದೆ. 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸಾರ್ವಜನಿಕ ನಕ್ಷೆಯಲ್ಲಿ ಇದಕ್ಕೆ ಅವಕಾಶವಿದೆ: ಒಂದೇ ಸ್ಥಳಕ್ಕೆ ಎಷ್ಟು ಭಾಷೆಗಳ ಹೆಸರನ್ನಾದರೂ ಯಾವ ನಾಗರಿಕನಾದರೂ ಸೇರಿಸಬಹುದು.

ಕಣ್ಣಿಗೆ ಕಾಣದ ಭೇದ

ಮೊಹರು ಸರಿಯಾಗಿ, ಪಟ್ಟಿಯಲ್ಲಿ ಕನ್ನಡದ ಹೆಸರೂ ಇದ್ದು, ಆದರೂ ಉತ್ತರ ಬಾರದಿರುವ ಪ್ರಸಂಗಗಳುಂಟು. ಯುನಿಕೋಡಿನಲ್ಲಿ ಓಕಾರದ ಚಿಹ್ನೆಯನ್ನು ಒಂದೇ ಘಟಕವಾಗಿ ಬರೆಯಬಹುದು. ಎಕಾರ, ಊಕಾರ, ದೀರ್ಘದ ಬಾಲ ಎಂದು ಮೂರು ತುಂಡುಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ‘ಲೋಂಡಾ’ ಎಂದೇ ಕಾಣುತ್ತವೆ. ಆದರೆ ಮೊದಲನೆಯದು 45 ಚಿಹ್ನೆ, ಎರಡನೆಯದು 63. ಓದುವವನ ಕಣ್ಣಿಗೆ ಅವಳಿಗಳು, ಯಂತ್ರಕ್ಕೆ ಅಪರಿಚಿತರು. ‘ಜಂಕ್ಷನ್‌’ ಎಂಬ ಶಬ್ದದ ಕೊನೆಯಲ್ಲಿ, ಅರ್ಧಾಕ್ಷರವು ಮುಂದಿನ ಅಕ್ಷರಕ್ಕೆ ಒತ್ತಾಗಿ ಅಂಟದಂತೆ ತಡೆಯಲು, ಕಣ್ಣಿಗೇ ಕಾಣದ ಒಂದು ಘಟಕವನ್ನು ಕೆಲವು ಕೀಲಿಮಣೆಗಳು ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಅದೂ ಮೊಹರಾಗಿ ಒಂಬತ್ತು ಚಿಹ್ನೆಗಳಷ್ಟು ಜಾಗ ಹಿಡಿದು ಪ್ರಯಾಣ ಮಾಡುತ್ತದೆ.

ಇದಕ್ಕೂ ಮದ್ದುಂಟು. ತುಂಡುಗಳನ್ನು ಕೂಡಿಸಿ ಎಲ್ಲರಿಗೂ ಒಪ್ಪಿತವಾದ ಒಂದೇ ರೂಪಕ್ಕೆ ತರುವ ಕ್ರಮಕ್ಕೆ ಎನ್‌ಎಫ್‌ಸಿ ಎಂದು ಹೆಸರು. ವಿಕಿಪೀಡಿಯದ ತಂತ್ರಾಂಶವು ತನ್ನಲ್ಲಿಗೆ ಬಂದ ಬರಹವನ್ನು ತಾನಾಗಿಯೇ ಆ ರೂಪಕ್ಕೆ ತಂದುಕೊಳ್ಳುತ್ತದೆ. ಎಲ್ಲ ಸರ್ವರುಗಳೂ ಅಷ್ಟು ಸೌಜನ್ಯ ತೋರುವುದಿಲ್ಲವಾದ್ದರಿಂದ, ಮೊಹರು ಮಾಡುವ ಮುನ್ನ ಕಳುಹಿಸುವವನೇ ಈ ಕೆಲಸ ಮುಗಿಸುವುದು ಲೇಸು. ಕಾಣದ ಘಟಕವಾದರೋ ಎನ್‌ಎಫ್‌ಸಿಯಿಂದ ಹೋಗದು. ಹುಡುಕುವ ಹೆಸರಿನಲ್ಲಿಯೂ ಪಟ್ಟಿಯ ಹೆಸರಿನಲ್ಲಿಯೂ ಅದನ್ನು ಬಿಟ್ಟು ಹೋಲಿಸುವ ಏರ್ಪಾಡನ್ನು ಬೇರೆಯಾಗಿಯೇ ಮಾಡಬೇಕು.

ಹೆಸರುಗಳೇ ಬದಲಾಗುವುದೂ ಉಂಟು. 2014ರ ನವೆಂಬರ್ 1ರಂದು ‘ಬೆಲ್ಗಾಂ’ ಎಂಬ ಇಂಗ್ಲಿಷ್ ರೂಪ ಅಧಿಕೃತವಾಗಿ ‘ಬೆಳಗಾವಿ’ ಆಯಿತು. ಹಳೆಯ ಹೆಸರನ್ನು ನಂಬಿದ ಪ್ರೋಗ್ರಾಮುಗಳಿಗೆ ಹೊಸ ಹೆಸರು ತಿಳಿಯದು. ಹೊಸದನ್ನು ನಂಬಿದವಕ್ಕೆ ಹಳೆಯದು ತಿಳಿಯದು. ರೈಲ್ವೆಯವರು ಮಾತ್ರ ಈ ತಾಪತ್ರಯದಿಂದ ಬಹುಮಟ್ಟಿಗೆ ಪಾರಾಗಿದ್ದಾರೆ. ತಂತಿಯ ಕಾಲದ ರೂಢಿಯಂತೆ ಅವರು ಪ್ರತಿ ಸ್ಟೇಷನ್ನಿಗೂ ಚಿಕ್ಕದೊಂದು ಅಕ್ಷರ ಸಂಕೇತ ಇಟ್ಟುಕೊಂಡಿದ್ದಾರೆ. ಲೋಂಡಾ ‘ಎಲ್‌ಡಿ’. ಬೆಳಗಾವಿಯ ಹಲಗೆ ಬದಲಾದರೂ ಅದರ ಸಂಕೇತ ‘ಬಿಜಿಎಂ’ ಹಾಗೆಯೇ ಉಳಿಯಿತು. ಜನರನ್ನು ಹೆಸರಿನಿಂದ ಕೇಳಿ, ಯಂತ್ರವನ್ನು ಸಂಕೇತದಿಂದ ಕೇಳಬೇಕೆಂಬ ಪಾಠ ಇದರಲ್ಲಿದೆ.

ಕೈಯಿಂದ ಕಟ್ಟಬಾರದು

ಇಷ್ಟೆಲ್ಲವನ್ನೂ ಪ್ರತಿಯೊಬ್ಬ ಪ್ರೋಗ್ರಾಮರನೂ ನೆನಪಿಟ್ಟುಕೊಂಡು ಕೈಯಿಂದ ಮೊಹರು ಒತ್ತುತ್ತ ಕೂರಬೇಕೆ? ಬೇಡ. ಬಳಕೆಯಲ್ಲಿರುವ ಪ್ರತಿಯೊಂದು ಭಾಷೆಯಲ್ಲಿಯೂ ಈ ಕೆಲಸಕ್ಕೆಂದೇ ಸಾಧನಗಳಿವೆ. ಪೈಥಾನಿನಲ್ಲಿ ‘ಯುಆರ್‌ಎಲ್‌ಎನ್‌ಕೋಡ್’, ಜಾವಾಸ್ಕ್ರಿಪ್ಟಿನಲ್ಲಿ ‘ಯುಆರ್‌ಎಲ್‌ಸರ್ಚ್‌ಪ್ಯಾರಾಮ್ಸ್’, ಪಿಎಚ್‌ಪಿಯಲ್ಲಿ ‘ಎಚ್‌ಟಿಟಿಪಿ ಬಿಲ್ಡ್ ಕ್ವೆರಿ’. ಚೀಟಿಗಳನ್ನೂ ಸರಕುಗಳನ್ನೂ ಜೋಡಿ ಜೋಡಿಯಾಗಿ ಇವುಗಳ ಕೈಗೆ ಕೊಟ್ಟರೆ ಸಾಕು. ಡಬ್ಬಿ ಕಟ್ಟುವುದು, ಮೊಹರು ಒತ್ತುವುದು, ಕೊಂಡಿ ಹಾಕುವುದು ಎಲ್ಲವೂ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಲೋಂಡಾದ ತರುಣನ ಪ್ರೋಗ್ರಾಮಿನಲ್ಲಿ ಬದಲಾಗಬೇಕಾದುದು ಬಹುಶಃ ಆ ಒಂದು ಸಾಲೇ.

ನೆನಪಿಡಬೇಕಾದ ಕೆಲವು ಕಟ್ಟಳೆಗಳು ಮಾತ್ರ ಇವೆ.

ಮೊದಲನೆಯದು, ಮೊಹರು ಒಂದೇ ಸಲ ಬೀಳಬೇಕು. ಮೊಹರಾದುದನ್ನು ಮತ್ತೆ ಮೊಹರು ಮಾಡಿದರೆ ಒಳಗಿನ ಶೇಕಡಾ ಚಿಹ್ನೆಗಳೇ ‘%25’ ಆಗಿ, 45 ಚಿಹ್ನೆಯ ಲೋಂಡಾ 75 ಚಿಹ್ನೆಯಾಗುತ್ತದೆ. ಸರ್ವರು ಹೊರಗಿನ ಮೊಹರನ್ನು ಮಾತ್ರ ಒಡೆದು, ಒಳಗಿನ ಗೊಂದಲವನ್ನೇ ಊರಿನ ಹೆಸರೆಂದು ಹುಡುಕುತ್ತದೆ. ಒಬ್ಬನು ಬರೆದ ಭಾಗವೂ ಇನ್ನೊಬ್ಬನು ಬರೆದ ಭಾಗವೂ ತಮ್ಮ ತಮ್ಮ ಜಾಗರೂಕತೆಯಿಂದಲೇ ಒಂದೊಂದು ಮೊಹರು ಹಾಕಿದಾಗ ಇದು ಸಂಭವಿಸುತ್ತದೆ.

ಎರಡನೆಯದು, ಸರಕಿಗೆ ಮೊಹರು ಹಾಕಬೇಕೇ ಹೊರತು ಇಡೀ ಗಾಡಿಗಲ್ಲ. ಪೂರ್ತಿ ಒಕ್ಕಣೆಯನ್ನು ಕಟ್ಟಿ ಆಮೇಲೆ ಒಟ್ಟಾಗಿ ಮೊಹರು ಒತ್ತಹೊರಟರೆ, ಸರಕಿನೊಳಗಿನ ಕೊಂಡಿ ಯಾವುದು, ನಿಜವಾದ ಕೊಂಡಿ ಯಾವುದು ಎಂಬುದು ಯಾರಿಗೂ ತಿಳಿಯದು. ಜಾವಾಸ್ಕ್ರಿಪ್ಟಿನಲ್ಲಿ ಹೆಚ್ಚುಕಡಿಮೆ ಒಂದೇ ಹೆಸರಿನ ಎರಡು ಸಾಧನಗಳಿವೆ. ‘ಎನ್‌ಕೋಡ್‌ಯುಆರ್‌ಐ’ ಎಂಬುದು ಕೊಂಡಿಗಳನ್ನು ಮುಟ್ಟುವುದಿಲ್ಲ. ‘ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್’ ಎಂಬುದು ಅವುಗಳಿಗೂ ಮೊಹರು ಒತ್ತುತ್ತದೆ. ಒಂದೊಂದು ಸರಕಿಗೆ ಬೇಕಾದುದು ಎರಡನೆಯದು.

ಮೂರನೆಯದು, ಗಾಡಿಯ ಉದ್ದಕ್ಕೂ ಮಿತಿಯುಂಟು. 2022ರ ನಿಯಮಗ್ರಂಥವು ಕನಿಷ್ಠ 8000 ಬೈಟುಗಳ ವಿಳಾಸವನ್ನಾದರೂ ಎಲ್ಲರೂ ಸ್ವೀಕರಿಸಬೇಕೆಂದು ಶಿಫಾರಸು ಮಾಡುತ್ತದೆ. ಇಂಗ್ಲಿಷಿನಲ್ಲಿ ಅದು ಧಾರಾಳ. ಕನ್ನಡದಲ್ಲಿ ಘಟಕವೊಂದಕ್ಕೆ ಒಂಬತ್ತು ಚಿಹ್ನೆಗಳಂತೆ, 900 ಘಟಕಗಳೊಳಗೆ ಜಾಗ ಮುಗಿಯುತ್ತದೆ. ಊರಿನ ಹೆಸರು ಕೇಳಲು ಇದು ಸಾಕು. ಅಜ್ಜಿಯ ದೂರುಪತ್ರ ಕಳುಹಿಸಲು ಸಾಲದು. ದೀರ್ಘವಾದ ಬರಹವನ್ನು ವಿಳಾಸದ ಬಾಲಕ್ಕೆ ಕಟ್ಟದೆ ಪೋಸ್ಟ್ ಎಂಬ ವಿಧಾನದಿಂದ ಲಕೋಟೆಯೊಳಗಿಟ್ಟು ಕಳುಹಿಸಬೇಕು. ಗುಟ್ಟಿನ ಮಾತುಗಳಿಗೂ ಇದೇ ಅನ್ವಯಿಸುತ್ತದೆ. ವಿಳಾಸದಲ್ಲಿ ಬರೆದುದು ಸರ್ವರಿನ ದಿನಚರಿಯಲ್ಲಿಯೂ ಬ್ರೌಸರಿನ ಚರಿತ್ರೆಯಲ್ಲಿಯೂ ಉಳಿಯುತ್ತದೆ. ಪಾಸ್‌ವರ್ಡನ್ನು ಅಲ್ಲಿ ಬರೆಯುವುದೆಂದರೆ ಲಕೋಟೆಯ ಹೊರಗೆ ಬರೆದಂತೆ.

‘ದೊರೆಯಲಿಲ್ಲ’ ಎಂಬ ಉತ್ತರ

ಈ ದೋಷಗಳಲ್ಲೆಲ್ಲ ಒಂದು ಸಾಮಾನ್ಯ ಗುಣವಿದೆ. ಇವು ಸದ್ದು ಮಾಡುವುದಿಲ್ಲ. ಹಳಿ ತಪ್ಪಿದ ಗಾಡಿಯ ಸದ್ದು ಊರಿಗೆಲ್ಲ ಕೇಳಿಸುತ್ತದೆ. ದಾರಿ ತಪ್ಪಿದ ಗಾಡಿ ಸದ್ದಿಲ್ಲದೆ ಇನ್ನೊಂದು ಕವಲಿನಲ್ಲಿ ಸಾಗಿಬಿಡುತ್ತದೆ. ‘ದೊರೆಯಲಿಲ್ಲ’ ಎಂದು ಹೇಳುವ ಎಷ್ಟೋ ಸರ್ವರುಗಳು ತಮ್ಮ ಮಟ್ಟಿಗೆ ಕೆಲಸ ಸುಸೂತ್ರವಾಗಿ ನಡೆಯಿತೆಂದೇ, 200 ಎಂಬ ಯಶಸ್ಸಿನ ಅಂಕೆಯೊಡನೆ, ಉತ್ತರ ಕಳುಹಿಸುತ್ತವೆ. ಕೇಳಿದ ಹೆಸರು ಅವುಗಳಿಗೆ ತಲುಪಿದ್ದೇ ಬೇರೆ ರೂಪದಲ್ಲಿ ಎಂಬುದು ಅವುಗಳಿಗೂ ಗೊತ್ತಿಲ್ಲ, ಕೇಳಿದವರಿಗೂ ಗೊತ್ತಿಲ್ಲ. ಹೀಗೆ ಒಂದು ಚಿಹ್ನೆಯ ಅಜಾಗರೂಕತೆ ಒಂದು ಭಾಷೆಯ ಅಯೋಗ್ಯತೆಯಂತೆ ತೋರುತ್ತದೆ. ‘ದಯವಿಟ್ಟು ಇಂಗ್ಲಿಷಿನಲ್ಲಿ ಮಾತ್ರ ಬರೆಯಿರಿ’ ಎಂಬ ಸೂಚನೆ ಅರ್ಜಿಯ ನೆತ್ತಿಯ ಮೇಲೆ ಶಾಶ್ವತವಾಗಿ ಕೂರುತ್ತದೆ.

ಆ ಸೂಚನೆಯನ್ನು ಬರೆಯುವ ಮುನ್ನ ಪ್ರೋಗ್ರಾಮರನು ಮಾಡಬಹುದಾದ ಪರೀಕ್ಷೆ ಬಹಳ ಚಿಕ್ಕದು. ಅರ್ಜಿಯಲ್ಲಿ ಒಂದು ಕನ್ನಡದ ಹೆಸರು, ‘&’ ಇರುವ ಒಂದು ಅಂಗಡಿಯ ಹೆಸರು, ‘#’ ಇರುವ ಒಂದು ವಿಳಾಸ, ‘+05:30’ ಇರುವ ಒಂದು ಹೊತ್ತು, ಇವು ನಾಲ್ಕನ್ನು ತುಂಬಿ ಕಳುಹಿಸಿ, ಸರ್ವರಿಗೆ ತಲುಪಿದ್ದೇನೆಂದು ನೋಡಬೇಕು. ಹೋದದ್ದೇ ತಲುಪಿದ್ದರೆ ಕೇಳುವ ಕ್ರಮ ಸರಿಯಾಗಿದೆ. ಆಮೇಲೂ ಉತ್ತರ ಬಾರದಿದ್ದರೆ ಪಟ್ಟಿಯಲ್ಲಿ ಕನ್ನಡದ ಹೆಸರು ಅದೇ ರೂಪದಲ್ಲಿ ಇಲ್ಲವೆಂದು ಅರ್ಥ. ಅದನ್ನು ಸೇರಿಸುವುದು ಮುಂದಿನ ಕೆಲಸ.

ಲೋಂಡಾದ ಅಜ್ಜಿ ತನ್ನ ಊರಿನ ಹೆಸರನ್ನು ಸರಿಯಾಗಿಯೇ ಉಚ್ಚರಿಸಿದ್ದಳು, ಮೊಬೈಲೂ ಸರಿಯಾಗಿಯೇ ಬರೆದುಕೊಂಡಿತ್ತು. ಉಳಿದದ್ದು ಅದನ್ನು ಹಾಗೆಯೇ ಮುಟ್ಟಿಸುವ ಕೆಲಸ. ಅದು ಮೊಮ್ಮಗನದು.